ಓದುಗರ ಪ್ರಶ್ನೆ: ನಾಲ್ಕಂಗುಲ ಹಾರಿದ ರಾಕೆಟ್ಟು ಮತ್ತು ನೆಲದ ಮೇಲಿದ್ದ ಎಂಜಿನಿಯರುಗಳು

ಮನುಷ್ಯನನ್ನು ಬಾಹ್ಯಾಕಾಶಕ್ಕೆ ಕಳುಹಿಸಿದ ಮೊದಲ ವರ್ಷಗಳ ಬಗ್ಗೆ ಹೋದ ಸಂಚಿಕೆಯಲ್ಲಿ ಪ್ರಶ್ನೆಗಳನ್ನು ಆಹ್ವಾನಿಸಿದ್ದೆವು. ಗಗನಯಾತ್ರಿಗಳ ಸಾಹಸದ ಬಗ್ಗೆಯೇ ಹೆಚ್ಚು ಪತ್ರಗಳು ಬರಬಹುದೆಂದು ಎಣಿಸಿದ್ದೆ. ಬಂದವುಗಳಲ್ಲಿ ಬಹುಪಾಲು ನೆಲದ ಮೇಲೆ ಕುಳಿತು ಕೆಲಸ ಮಾಡಿದವರ ಬಗ್ಗೆ, ಅದರಲ್ಲಿಯೂ ಅವರ ಕೈಯಿಂದಾದ ತಪ್ಪುಗಳ ಬಗ್ಗೆ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಅಮೆರಿಕದ ಮೊದಲ ಮರ್ಕ್ಯುರಿ-ರೆಡ್‌ಸ್ಟೋನ್ ರಾಕೆಟ್ ನೆಲದಿಂದ ನಾಲ್ಕೇ ಅಂಗುಲ ಮೇಲೆದ್ದು ಮತ್ತೆ ಅಲ್ಲಿಯೇ ಕುಳಿತಿತೆಂದು ಓದಿದೆ. ಇದು ನಿಜವೇ? ನಿಜವಾದರೆ ಹಾಗಾದದ್ದು ಹೇಗೆ?
— ತುಮಕೂರಿನ ಓದುಗರೊಬ್ಬರು

ಉತ್ತರ: ನಿಜ. ಮರ್ಕ್ಯುರಿ ಎಂಬುದು ಮನುಷ್ಯನನ್ನು ಬಾಹ್ಯಾಕಾಶಕ್ಕೆ ಕಳುಹಿಸುವ ಅಮೆರಿಕದ ಮೊದಲ ಯೋಜನೆ, ರೆಡ್‌ಸ್ಟೋನ್ ಅದರ ನೌಕೆಯನ್ನು ಹೊತ್ತ ರಾಕೆಟ್. 1960ರ ನವೆಂಬರ್ 21ರಂದು ಫ್ಲಾರಿಡಾದ ಕೇಪ್ ಕೆನವೆರಲ್‌ನಲ್ಲಿ ನಡೆದ ಆ ಪರೀಕ್ಷೆಯಲ್ಲಿ ನೌಕೆಯೊಳಗೆ ಯಾರೂ ಇರಲಿಲ್ಲ. ಎಂಜಿನ್ ಹೊತ್ತಿಕೊಂಡಿತು, ಹೊಗೆ ಎದ್ದಿತು, ಏನೋ ಒಂದು ಮಹಾವೇಗದಲ್ಲಿ ಆಕಾಶಕ್ಕೆ ಚಿಮ್ಮಿತು. ರಾಕೆಟ್ಟೇ ಹೋಯಿತೆಂದು ನೋಡುತ್ತಿದ್ದವರು ಕ್ಷಣಕಾಲ ಭಾವಿಸಿದರು. ಹೊಗೆ ಚದುರಿದಾಗ ರಾಕೆಟ್ ಇದ್ದಲ್ಲಿಯೇ ಇತ್ತು. ಹಾರಿಹೋದದ್ದು ನೌಕೆಯ ತುದಿಗೆ ಕಟ್ಟಿದ್ದ, ಅಪಾಯ ಬಂದರೆ ಗಗನಯಾತ್ರಿಯನ್ನು ಎಳೆದೊಯ್ಯಬೇಕಾದ ಪಾರುಗೋಪುರ ಮಾತ್ರ. ಅದು ನೌಕೆಯನ್ನು ಹಿಂದೆ ಬಿಟ್ಟು ತಾನೊಂದೇ ಸುಮಾರು 1,200 ಮೀಟರ್ ಎತ್ತರಕ್ಕೆ ಹೋಗಿ ಬಿದ್ದಿತು. ಕೆಲವು ಸೆಕೆಂಡುಗಳ ನಂತರ ನಿಂತೇ ಇದ್ದ ನೌಕೆಯ ಮೂತಿಯಿಂದ ಪ್ಯಾರಾಚೂಟುಗಳು ಒಂದೊಂದಾಗಿ ಹೊರಬಂದು ರಾಕೆಟ್ಟಿನ ಪಕ್ಕಕ್ಕೆ ಜೋತುಬಿದ್ದವು.

ಕಾರಣ ಒಂದು ಕೇಬಲ್ಲಿನ ಉದ್ದ. ರಾಕೆಟ್ ನೆಲ ಬಿಡುವಾಗ ಅದರ ಬಾಲದಿಂದ ಎರಡು ಕೇಬಲ್ಲುಗಳು ಕಳಚಿಕೊಳ್ಳಬೇಕಿತ್ತು: ಮೊದಲು ನಿಯಂತ್ರಣ ಸಂಕೇತಗಳದ್ದು, ಅನಂತರ ವಿದ್ಯುತ್ತಿನದ್ದು. ಅಂದು ಸೈನಿಕ ಕ್ಷಿಪಣಿಯಾದ ರೆಡ್‌ಸ್ಟೋನ್‌ಗೆ ಹೊಂದುವ ಉದ್ದನೆಯ ನಿಯಂತ್ರಣ ಕೇಬಲ್ಲನ್ನೇ ಬಳಸಿದ್ದರಿಂದ ಕ್ರಮ ತಿರುಗುಮುರುಗಾಯಿತು. ವಿದ್ಯುತ್ ಕೇಬಲ್ 29 ಮಿಲಿಸೆಕೆಂಡುಗಳಷ್ಟು ಮೊದಲೇ ಕಳಚಿತು. ಆ ಅತ್ಯಲ್ಪ ಅವಧಿಯಲ್ಲಿ ರಾಕೆಟ್ಟಿಗೆ ನೆಲಸಂಪರ್ಕ (ಅರ್ಥಿಂಗ್) ಇಲ್ಲದೆ, ಅಡ್ಡದಾರಿ ಹಿಡಿದ ವಿದ್ಯುತ್ತು ಎಂಜಿನ್ ನಿಲ್ಲಿಸುವ ರಿಲೇಯನ್ನು, ಅಂದರೆ ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚನ್ನು, ಒತ್ತಿತು. ಇಲ್ಲಿಂದ ಮುಂದೆ ನಡೆದದ್ದೆಲ್ಲವೂ ಯಂತ್ರಗಳು ತಮಗೆ ಕಲಿಸಿದ್ದನ್ನು ಚಾಚೂತಪ್ಪದೆ ಪಾಲಿಸಿದ ಫಲ ಎಂಬುದು ನನಗೆ ಈ ಪ್ರಸಂಗದ ಅತ್ಯಂತ ಸ್ವಾರಸ್ಯಕರ ಭಾಗ. ಎಂಜಿನ್ ನಿಂತಿತೆಂದರೆ ಏರುವ ಹಂತ ಮುಗಿಯಿತೆಂದು ನೌಕೆ ತಿಳಿಯಿತು. ಏರುವ ಹಂತ ಮುಗಿದರೆ ಪಾರುಗೋಪುರ ಬೇಡವಾದ್ದರಿಂದ ಅದನ್ನು ಕಳಚಿತು. ಗೋಪುರ ಹೋಗಿ, ಎತ್ತರವೂ ಹತ್ತು ಸಾವಿರ ಅಡಿಗಿಂತ ಕಡಿಮೆಯಿದ್ದುದರಿಂದ ಪ್ಯಾರಾಚೂಟ್ ಬಿಚ್ಚಿತು. ಬಿಚ್ಚಿದ ಪ್ಯಾರಾಚೂಟಿನ ಮೇಲೆ ಭಾರ ಬೀಳದಿದ್ದುದರಿಂದ ಅದು ಕೆಟ್ಟಿರಬೇಕೆಂದು ಎಣಿಸಿ ಮೀಸಲು ಪ್ಯಾರಾಚೂಟನ್ನೂ ಬಿಚ್ಚಿತು.

ಈಗ ನಿಯಂತ್ರಣ ಕೊಠಡಿಯಲ್ಲಿದ್ದವರ ಪಾಡನ್ನು ಯೋಚಿಸಿ. ಪೂರ್ತಿ ಇಂಧನ ತುಂಬಿದ, ಯಾವ ಹಿಡಿತವೂ ಇಲ್ಲದ, ಒಳಗಿನ ಬ್ಯಾಟರಿಗಳು ಜೀವಂತವಾಗಿರುವ ರಾಕೆಟ್ಟೊಂದು ಎದುರಿಗೆ ನಿಂತಿದೆ. ಗಾಳಿ ಬೀಸಿ ಪ್ಯಾರಾಚೂಟಿನೊಳಗೆ ತುಂಬಿಕೊಂಡರೆ ಅದನ್ನು ಉರುಳಿಸಬಹುದು. ಒಬ್ಬೊಬ್ಬರು ಒಂದೊಂದು ಉಪಾಯ ಹೇಳತೊಡಗಿದರು. ಬಂದೂಕಿನಿಂದ ಟ್ಯಾಂಕಿಗೆ ತೂತು ಹೊಡೆದು ಒತ್ತಡ ಇಳಿಸೋಣವೆಂಬ ಸಲಹೆಯೂ ಅವುಗಳಲ್ಲಿತ್ತು. ಅಮೆರಿಕದ ಮೊದಲ ಫ್ಲೈಟ್ ಡೈರೆಕ್ಟರ್ (ಹಾರಾಟದ ವೇಳೆ ನಿಯಂತ್ರಣ ಕೊಠಡಿಯ ಮುಖ್ಯಸ್ಥ) ಕ್ರಿಸ್ ಕ್ರಾಫ್ಟ್ ಆ ದಿನವನ್ನು ನೆನೆದಾಗಲೆಲ್ಲ, ಏನು ಮಾಡಬೇಕೆಂದು ತಿಳಿಯದಿದ್ದಾಗ ಏನನ್ನೂ ಮಾಡಬಾರದೆಂಬ ನಿಯಮ ತಮಗೆ ಅಂದು ಮನದಟ್ಟಾಯಿತೆಂದು ಹೇಳುತ್ತಿದ್ದರು. ಹಾಗೆಯೇ ಮಾಡಿದರು. ರಾತ್ರಿ ಕಳೆದು ಬ್ಯಾಟರಿಗಳು ಇಳಿಯುವವರೆಗೆ, ದ್ರವ ಆಮ್ಲಜನಕ ಆವಿಯಾಗಿ ಹೋಗುವವರೆಗೆ ಕಾದು, ಮರುದಿನ ಬೆಳಿಗ್ಗೆ ಅದರ ಹತ್ತಿರ ಹೋದರು. ಕಾರಣ ತಿಳಿದ ಮೇಲೆ ನೆಲಸಂಪರ್ಕಕ್ಕೆ ಪ್ರತ್ಯೇಕ ಪಟ್ಟಿ ಸೇರಿಸಿ, ಡಿಸೆಂಬರ್ 19ರಂದು ಮತ್ತೊಂದು ರಾಕೆಟ್ಟನ್ನು ಯಶಸ್ವಿಯಾಗಿ ಹಾರಿಸಿದರು.

ಬಾಲದ ಪ್ಲಗ್ಗಿನ ಕಾಟ ಅಲ್ಲಿಗೆ ಮುಗಿಯಲಿಲ್ಲ. 1965ರ ಡಿಸೆಂಬರ್ 12ರಂದು ಮರ್ಕ್ಯುರಿಯ ನಂತರದ ಯೋಜನೆಯ, ಇಬ್ಬರು ಕೂರುವ ನೌಕೆಯಾದ ಜೆಮಿನಿ 6 ಹೊರಡಲಿದ್ದಾಗ ಪ್ಲಗ್ಗೊಂದು ಅಕಾಲದಲ್ಲಿ ಕಳಚಿ ಬಿದ್ದು ಎಂಜಿನ್ ಎರಡು ಸೆಕೆಂಡಿನೊಳಗೆ ನಿಂತುಹೋಯಿತು. ಈ ಸಲ ಒಳಗೆ ವಾಲಿ ಶಿರಾ ಮತ್ತು ಥಾಮಸ್ ಸ್ಟಾಫರ್ಡ್ ಇದ್ದರು. ರಾಕೆಟ್ ಮೇಲೆದ್ದಿತೆಂದು ಗಡಿಯಾರ ತೋರಿಸುತ್ತಿತ್ತು. ನಿಯಮದ ಪ್ರಕಾರ ಅವರು ಆಸನಸಮೇತ ಹೊರಗೆ ಚಿಮ್ಮಬೇಕಿತ್ತು. ಮೈಗೆ ಚಲನೆಯೇ ತಿಳಿಯಲಿಲ್ಲವೆಂಬ ಒಂದೇ ಆಧಾರದ ಮೇಲೆ ಶಿರಾ ಹಿಡಿಯನ್ನು ಎಳೆಯದೆ ಕುಳಿತರು, ಇಬ್ಬರೂ ಉಳಿದರು. ಬಳಿಕ ದತ್ತಾಂಶ ಪರಿಶೀಲಿಸಿದ ಎಂಜಿನಿಯರುಗಳಿಗೆ ಪ್ಲಗ್ ಬೀಳುವ ಮೊದಲೇ ಒಂದು ಎಂಜಿನ್ನಿನ ಶಕ್ತಿ ಕುಂದುತ್ತಿದ್ದುದು ಕಂಡಿತು. ಬಿಚ್ಚಿ ನೋಡಿದರೆ ಯಾರೋ ತೆಗೆಯಲು ಮರೆತಿದ್ದ ಪ್ಲಾಸ್ಟಿಕ್ ಧೂಳುಮುಚ್ಚಳ ಒಳಗೇ ಇತ್ತು. ಒಂದು ತಪ್ಪನ್ನು ಹುಡುಕಲು ಹೋದವರು ಎರಡನ್ನು ಹಿಡಿದುಕೊಂಡು ಬಂದರು. ಮೂರೇ ದಿನಗಳಲ್ಲಿ ಅದೇ ರಾಕೆಟ್ ಹಾರಿತು.

ಪ್ರಶ್ನೆ: ಈ ಎಂಜಿನಿಯರುಗಳು ಎಲ್ಲಿಯವರು? ಅಷ್ಟೊಂದು ಜನ ಅನುಭವಿಗಳು ಏಕಾಏಕಿ ಎಲ್ಲಿಂದ ಸಿಕ್ಕರು? ಆಗ ಅವರ ವಯಸ್ಸೆಷ್ಟು?
— ಬೆಳಗಾವಿಯ ಎಂಜಿನಿಯರಿಂಗ್ ವಿದ್ಯಾರ್ಥಿನಿ

ಉತ್ತರ: ಅನುಭವಿಗಳು ಸಿಗಲಿಲ್ಲ, ಏಕೆಂದರೆ ಈ ಕೆಲಸದ ಅನುಭವ ಆಗ ಯಾರಿಗೂ ಇರಲಿಲ್ಲ. 1958ರಲ್ಲಿ ವರ್ಜೀನಿಯಾದ ಲ್ಯಾಂಗ್ಲಿ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಗಿಲ್ರುತ್ ಅವರ ನೇತೃತ್ವದಲ್ಲಿ ಚಿಕ್ಕ ತಂಡವೊಂದು ರೂಪುಗೊಂಡಿತು. ಅವರೆಲ್ಲ ವಿಮಾನ ಪರೀಕ್ಷೆಯ ಜನ. ರಾಕೆಟ್ ಕಟ್ಟುತ್ತಿದ್ದವರು ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿದ್ದ ವೆರ್ನರ್ ಫಾನ್ ಬ್ರೌನ್ ಅವರ ತಂಡ, ಅದರ ಪ್ರಮುಖರಲ್ಲಿ ಹಲವರು ಜರ್ಮನಿಯಿಂದ ಬಂದವರು. ಮೂರನೆಯ ಗುಂಪು ಕೆನಡಾದಿಂದ ಬಂದದ್ದು ಅಲ್ಲಿನ ಸರ್ಕಾರದ ಒಂದು ತೀರ್ಮಾನದಿಂದ. 1959ರ ಫೆಬ್ರವರಿ 20ರಂದು ಅದು ಆವ್ರೋ ಆ್ಯರೋ ಎಂಬ ಯುದ್ಧವಿಮಾನದ ಯೋಜನೆಯನ್ನು ರದ್ದುಗೊಳಿಸಿ ಸಾವಿರಾರು ಜನರ ಕೆಲಸ ಕಳೆಯಿತು. ಅವರಲ್ಲಿ ಸುಮಾರು ಮೂವತ್ತು ಎಂಜಿನಿಯರುಗಳನ್ನು ಗಿಲ್ರುತ್ ಕರೆದುಕೊಂಡರು: ಜಿಮ್ ಚೇಂಬರ್ಲಿನ್, ಓವನ್ ಮೇನಾರ್ಡ್, ಜಾನ್ ಹಾಜ್, ಟೆಕ್ವಿನ್ ರಾಬರ್ಟ್ಸ್ ಮುಂತಾದವರು. ಸರಿಯಾಗಿ ಮೂರು ವರ್ಷಗಳ ನಂತರ, ಅದೇ ಫೆಬ್ರವರಿ 20ರಂದು, ಜಾನ್ ಗ್ಲೆನ್ ಭೂಮಿಯನ್ನು ಸುತ್ತಿದ ಮೊದಲ ಅಮೆರಿಕನ್ನರಾದರು.

ವಯಸ್ಸಿನ ಬಗ್ಗೆಯೂ ಕೇಳಿದ್ದೀರಿ. ಚಂದ್ರನ ಮೇಲೆ ಇಳಿದ ದಿನ ಫ್ಲೈಟ್ ಡೈರೆಕ್ಟರ್ ಆಗಿದ್ದ ಜೀನ್ ಕ್ರಾಂಟ್ಸ್ ಅವರಿಗೆ 35, ನೌಕೆಯ ದಾರಿಯನ್ನು ನೋಡಿಕೊಳ್ಳುತ್ತಿದ್ದ ಸ್ಟೀವ್ ಬೇಲ್ಸ್ ಅವರಿಗೆ 26.

ಕೊಠಡಿಯ ಏರ್ಪಾಡನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು, ಮುಂದಿನ ಉತ್ತರಗಳಿಗೆ ಅದು ಬೇಕು. ನಾವು ಚಿತ್ರಗಳಲ್ಲಿ ನೋಡುವ ಸಾಲುಮೇಜುಗಳ ಕೊಠಡಿ ಮುಂಭಾಗವಷ್ಟೇ. ಅಲ್ಲಿ ಕುಳಿತ ಪ್ರತಿಯೊಬ್ಬ ನಿಯಂತ್ರಕನಿಗೂ ಹಿಂದಿನ ಕೊಠಡಿಗಳಲ್ಲಿ ತನ್ನದೇ ಸಣ್ಣ ತಂಡವಿರುತ್ತಿತ್ತು. ಕಿವಿಗೆ ಹಾಕಿದ ಹೆಡ್‌ಸೆಟ್ಟಿನಲ್ಲಿ ಒಂದು ಕಡೆ ಆ ತಂಡದ ಮಾತು, ಇನ್ನೊಂದು ಕಡೆ ಫ್ಲೈಟ್ ಡೈರೆಕ್ಟರರ ಮಾತು ಏಕಕಾಲಕ್ಕೆ ಕೇಳುತ್ತಿತ್ತು. ಗಗನಯಾತ್ರಿಯೊಡನೆ ನೇರವಾಗಿ ಮಾತನಾಡುತ್ತಿದ್ದವನು ಒಬ್ಬನೇ, ಅವನೂ ಸಾಮಾನ್ಯವಾಗಿ ಗಗನಯಾತ್ರಿಯೇ ಆಗಿರುತ್ತಿದ್ದ.

ಪ್ರಶ್ನೆ: ಜಾನ್ ಗ್ಲೆನ್ ಅವರ ನೌಕೆಯ ಉಷ್ಣಕವಚ ಸಡಿಲವಾಗಿದೆಯೆಂಬ ಅನುಮಾನವನ್ನು ಅವರಿಗೇ ತಿಳಿಸದೆ ಮುಚ್ಚಿಟ್ಟದ್ದು ಸರಿಯೇ?
— ಮೈಸೂರಿನ ಓದುಗರೊಬ್ಬರು

ಉತ್ತರ: ಸರಿಯಲ್ಲವೆಂದೇ ನನ್ನ ಅಭಿಪ್ರಾಯ, ಆದರೆ ಮುಚ್ಚಿಟ್ಟವರ ಸ್ಥಿತಿಯೂ ಗೊತ್ತಿರಬೇಕು. 1962ರ ಆ ಹಾರಾಟದ ಎರಡನೆಯ ಸುತ್ತಿನಲ್ಲಿ, ‘ಸೆಗ್ಮೆಂಟ್ 51’ ಎಂದು ಕರೆಯುತ್ತಿದ್ದ ಸಂಕೇತವೊಂದು ನೌಕೆಯ ತಳಕ್ಕೂ ಉಷ್ಣಕವಚಕ್ಕೂ ನಡುವೆ ಮಡಚಿಟ್ಟಿದ್ದ, ನೀರಿಗಿಳಿಯುವಾಗಿನ ಪೆಟ್ಟು ತಡೆಯುವ ಇಳಿಚೀಲ ಬಿಚ್ಚಿಕೊಂಡಿದೆಯೆಂದು ತೋರಿಸಿತು. ಅದು ನಿಜವಾಗಿದ್ದರೆ ಉಷ್ಣಕವಚಕ್ಕೆ ಆಧಾರವೇ ಇಲ್ಲವೆಂದು ಅರ್ಥ. ನಿಯಂತ್ರಕರಲ್ಲಿ ಹೆಚ್ಚಿನವರಿಗೆ ಸಂಕೇತವೇ ಸುಳ್ಳಿರಬೇಕೆನಿಸಿತ್ತು. ಹಿರಿಯರು ಮಾತ್ರ ವೇಗ ತಗ್ಗಿಸುವ ರಾಕೆಟ್ಟುಗಳ ಕಟ್ಟನ್ನು ಕಳಚದೆ ಹಾಗೆಯೇ ಬಿಟ್ಟರೆ ಅದರ ಪಟ್ಟಿಗಳು ಕವಚವನ್ನು ಹಿಡಿದಿಟ್ಟಾವೆಂದು ಯೋಚಿಸಿ, ನೌಕೆಯ ವಿನ್ಯಾಸಕಾರ ಮ್ಯಾಕ್ಸ್ ಫ್ಯಾಜೆ ಅವರನ್ನು ಕೇಳಿ, ಹಾಗೆ ಮಾಡಬಹುದೆಂದು ಖಚಿತಪಡಿಸಿಕೊಂಡರು. ಗ್ಲೆನ್ ಅವರಿಗೆ ಸಿಕ್ಕಿದ್ದು ಸೂಚನೆಗಳು ಮಾತ್ರ. ಇಳಿಚೀಲದ ಸ್ವಿಚ್ಚಿನ ಬಗ್ಗೆ ಒಂದು ಕೇಂದ್ರದಿಂದ ಮತ್ತೊಂದು ಕೇಂದ್ರಕ್ಕೆ ಮತ್ತೆ ಮತ್ತೆ ಪ್ರಶ್ನೆ ಬಂದಾಗ ಅವರೇ ಊಹಿಸಿಕೊಂಡರು. ಕೆಟ್ಟಿದ್ದದ್ದು ಕವಚವಲ್ಲ, ಅದನ್ನು ಗಮನಿಸುವ ಸ್ವಿಚ್ಚು.

ಗ್ಲೆನ್ ಸುರಕ್ಷಿತವಾಗಿ ಬಂದ ಮೇಲೆ ತಮ್ಮ ಅಸಮಾಧಾನವನ್ನು ಸ್ಪಷ್ಟವಾಗಿ ಹೇಳಿದರು. ನೆಲದವರು ಕೂಡ ಎರಡು ವಿಷಯಗಳನ್ನು ಬರೆದಿಟ್ಟುಕೊಂಡರು: ಚಾಲಕನಿಗೆ ತಿಳಿಸಬೇಕು, ಮತ್ತು ಒಂದೇ ಸಂವೇದಕದ ಮಾತನ್ನು ನಂಬಿ ಹಾರಾಟದ ಕ್ರಮ ಬದಲಿಸಬಾರದು.

ಪ್ರಶ್ನೆ: ಅಪೊಲೊ 1ರ ಅಗ್ನಿ ದುರಂತಕ್ಕೆ ಯಾರು ಹೊಣೆ?
— ಹುಬ್ಬಳ್ಳಿಯಿಂದ ಮೂವರು ಓದುಗರು

ಉತ್ತರ: ಮೂವರೂ ಒಂದು ಹೆಸರನ್ನು ಕೇಳಿದ್ದೀರಿ, ಒಂದು ಹೆಸರು ಹೇಳಲು ಬರುವುದಿಲ್ಲ. 1967ರ ಜನವರಿ 27ರ ಸಂಜೆ ಗಸ್ ಗ್ರಿಸಮ್, ಎಡ್ ವೈಟ್ ಮತ್ತು ರೋಜರ್ ಚಾಫಿ ಉಡಾವಣಾ ಕಟ್ಟೆಯ ಮೇಲಿನ ನೌಕೆಯೊಳಗೆ ಒಂದು ತಾಲೀಮಿಗಾಗಿ ಕುಳಿತಿದ್ದರು. ರಾಕೆಟ್ಟಿನಲ್ಲಿ ಇಂಧನವಿಲ್ಲದ ಕಾರಣ ಆ ಪರೀಕ್ಷೆಯನ್ನು ಅಪಾಯಕಾರಿಗಳ ಪಟ್ಟಿಗೇ ಸೇರಿಸಿರಲಿಲ್ಲ. ಒಳಗೆ ತುಂಬಿದ್ದದ್ದು ಹೊರಗಿನ ವಾತಾವರಣಕ್ಕಿಂತ ತುಸು ಹೆಚ್ಚಿನ ಒತ್ತಡದ ಶುದ್ಧ ಆಮ್ಲಜನಕ. ಅದರಲ್ಲಿ ನೈಲಾನ್ ಬಲೆ, ವೆಲ್ಕ್ರೊ ಪಟ್ಟಿಗಳು ಕಾಗದಕ್ಕಿಂತ ಬೇಗ ಉರಿಯುತ್ತವೆ. ಬಾಗಿಲು ಒಳಮುಖವಾಗಿ ತೆರೆಯುವಂಥದ್ದು. ಬೆಂಕಿಯಿಂದ ಒಳಗಿನ ಒತ್ತಡ ಏರಿದೊಡನೆ ಅದನ್ನು ತೆರೆಯುವುದು ಯಾರಿಂದಲೂ ಆಗದ ಕೆಲಸವಾಯಿತು. ಲ್ಯಾಂಗ್ಲಿಯ ನಿರ್ದೇಶಕ ಫ್ಲಾಯ್ಡ್ ಥಾಂಪ್ಸನ್ ಅವರ ಅಧ್ಯಕ್ಷತೆಯ ಮಂಡಳಿಗೆ ಕಿಡಿ ಹುಟ್ಟಿದ ಸ್ಥಳವನ್ನು ನಿಖರವಾಗಿ ಗುರುತಿಸಲು ಆಗಲಿಲ್ಲ. ವಿದ್ಯುತ್ ತಂತಿಗಳ ದೋಷವೇ ಬಹುಮಟ್ಟಿಗೆ ಕಾರಣವೆಂದಿತು.

ಇದರಲ್ಲಿ ಯಾವುದೂ ಗುಟ್ಟಾಗಿರಲಿಲ್ಲವೆಂಬುದೇ ಎಂಜಿನಿಯರುಗಳ ನೆನಪುಗಳಲ್ಲಿ ಮತ್ತೆ ಮತ್ತೆ ಬರುವ ಸಂಕಟ. ಹಿಂದಿನ ಆಗಸ್ಟಿನಲ್ಲಿ ನೌಕೆಯ ಪರಾಮರ್ಶೆ ಸಭೆಯಲ್ಲಿ ಬೇಗ ಹೊತ್ತಿಕೊಳ್ಳುವ ವಸ್ತುಗಳ ಮಾತು ಬಂದಿತ್ತು. ಅವನ್ನು ತೆಗೆಸಬೇಕೆಂದು ಯೋಜನೆಯ ಮುಖ್ಯಸ್ಥ ಜೋ ಶೇ ಹೇಳಿದ್ದರು. ತೆಗೆದರೇ ಎಂದು ನೋಡಿಕೊಳ್ಳುವ ಹೊಣೆ ಯಾರ ಹೆಸರಿಗೂ ಬೀಳಲಿಲ್ಲ. ಅದೇ ಸಭೆಯಲ್ಲಿ ಮೂವರು ಗಗನಯಾತ್ರಿಗಳು ಶೇ ಅವರಿಗೆ ಒಂದು ಛಾಯಾಚಿತ್ರ ಕೊಟ್ಟಿದ್ದರು. ಮೇಜಿನ ಮೇಲೆ ನೌಕೆಯ ಪುಟ್ಟ ಮಾದರಿ, ಅದರ ಮುಂದೆ ತಲೆ ತಗ್ಗಿಸಿ ಕೈ ಜೋಡಿಸಿದ ಮೂವರು. ನಿಮ್ಮ ಮೇಲೆ ನಂಬಿಕೆಯಿಲ್ಲವೆಂದಲ್ಲ, ಈ ಸಲ ನಿಮಗಿಂತ ಮೇಲಿನವನಿಗೇ ಅರ್ಜಿ ಹಾಕಿಕೊಳ್ಳುತ್ತಿದ್ದೇವೆ ಎಂಬ ಅರ್ಥದ ಬರಹ. ತಮಾಷೆಯೆಂದೇ ಎಲ್ಲರೂ ನಕ್ಕರು.

ಶುದ್ಧ ಆಮ್ಲಜನಕದ ಇಂಥದ್ದೇ ಪರೀಕ್ಷೆಗಳು ಮರ್ಕ್ಯುರಿ, ಜೆಮಿನಿ ಯೋಜನೆಗಳಲ್ಲಿ ಏನೂ ಆಗದೆ ಮುಗಿದಿದ್ದವು. ಹಾಗೆ ಮುಗಿದದ್ದೇ ಇಲ್ಲಿ ಅಪಾಯವನ್ನು ಮರೆಮಾಡಿತೆಂದು ನನಗನಿಸುತ್ತದೆ. ಮುಂದಿನ ಸೋಮವಾರ ಕ್ರಾಂಟ್ಸ್ ತಮ್ಮ ನಿಯಂತ್ರಕರನ್ನು ಕೂರಿಸಿಕೊಂಡು, ತಪ್ಪು ಯಾವುದೋ ಕಾರ್ಖಾನೆಯದೆಂದು ಕೈತೊಳೆದುಕೊಳ್ಳಬೇಡಿ, ಕೆಲಸ ಹಾದಿ ತಪ್ಪುತ್ತಿದ್ದುದನ್ನು ಕಂಡೂ ನಿಲ್ಲಿಸೆಂದು ಹೇಳದ ನಾವೂ ಹೊಣೆಗಾರರು ಎಂದರು. ‘ಗಟ್ಟಿತನ’, ‘ಸಾಮರ್ಥ್ಯ’ ಎಂಬ ಎರಡು ಮಾತುಗಳನ್ನು ಪ್ರತಿಯೊಬ್ಬರೂ ತಮ್ಮ ಕಪ್ಪುಹಲಗೆಯ ಮೇಲೆ ಬರೆದಿಟ್ಟು ಅಳಿಸದೆ ಉಳಿಸಿಕೊಳ್ಳಬೇಕೆಂದರು. ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಬಹುಶಃ ಶೇ ಅವರ ಸ್ಥಾನಕ್ಕೆ ಬಂದ ಜಾರ್ಜ್ ಲೋ ಅವರ ಏರ್ಪಾಡು. ನೌಕೆಯಲ್ಲಿ ಯಾವ ಬದಲಾವಣೆಯಾಗಬೇಕಾದರೂ, ಅದು ಎಷ್ಟೇ ಚಿಕ್ಕದಾಗಿರಲಿ, ವಿನ್ಯಾಸದವರು, ನಿಯಂತ್ರಣದವರು, ಗಗನಯಾತ್ರಿಗಳ ಪ್ರತಿನಿಧಿ, ಕಂಪನಿಯವರು ಎಲ್ಲರೂ ಒಂದೇ ಮೇಜಿನ ಸುತ್ತ ಕುಳಿತ ಸಭೆಯಲ್ಲಿ ತೀರ್ಮಾನವಾಗಬೇಕಿತ್ತು. ಬಾಗಿಲು ಕೆಲವೇ ಸೆಕೆಂಡುಗಳಲ್ಲಿ ಹೊರಮುಖವಾಗಿ ತೆರೆಯುವಂತಾಯಿತು, ಕಟ್ಟೆಯ ಮೇಲಿರುವಾಗ ಆಮ್ಲಜನಕದೊಡನೆ ಸಾರಜನಕ ಬೆರೆಸುವುದು ರೂಢಿಯಾಯಿತು.

ಪ್ರಶ್ನೆ: ಚಂದ್ರನ ಮೇಲೆ ಇಳಿಯುವಾಗ ಕಂಪ್ಯೂಟರ್ ಎಚ್ಚರಿಕೆ ಕೊಟ್ಟರೂ ಮುಂದುವರಿಯಲು ಹೇಳಿದ್ದು ಧೈರ್ಯವೋ, ಅದೃಷ್ಟವೋ?
— ಮಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ

ಉತ್ತರ: ಎರಡೂ ಅಲ್ಲ, ಹದಿನೈದು ದಿನಗಳ ಹಿಂದೆ ಮಾಡಿದ ತಪ್ಪಿನ ಫಲ. 1969ರ ಜುಲೈ 5ರಂದು ಹ್ಯೂಸ್ಟನ್‌ನಲ್ಲಿ ಅಣಕು ಇಳಿಯುವಿಕೆ ನಡೆಯುತ್ತಿತ್ತು. ತಾಲೀಮುಗಳ ಉಸ್ತುವಾರಿ ಡಿಕ್ ಕೂಸ್ ಎಂಬುವರದು. ನಿಯಂತ್ರಕರನ್ನು ಪೇಚಿಗೆ ಸಿಕ್ಕಿಸುವುದೇ ಅವರ ಉದ್ಯೋಗ. ಅಂದು ಅವರು ಕಂಪ್ಯೂಟರಿನಿಂದ 1201 ಎಂಬ ಎಚ್ಚರಿಕೆ ಬರುವಂತೆ ಮಾಡಿದರು. ಸ್ಟೀವ್ ಬೇಲ್ಸ್ ಅದರ ಅರ್ಥ ತಿಳಿಯದೆ ಇಳಿಯುವುದನ್ನು ಕೈಬಿಡಿ ಎಂದರು. ತಾಲೀಮು ಮುಗಿದ ಮೇಲೆ ಕೂಸ್, ಕೈಬಿಡುವ ಅಗತ್ಯವಿರಲಿಲ್ಲ, ಉಳಿದದ್ದೆಲ್ಲ ಸರಿಯಾಗಿಯೇ ನಡೆಯುತ್ತಿತ್ತು ಎಂದು ಎಲ್ಲರೆದುರೇ ಹೇಳಿದರು. ಕ್ರಾಂಟ್ಸ್ ಕೂಡಲೇ ಕಂಪ್ಯೂಟರಿನ ಎಲ್ಲ ಎಚ್ಚರಿಕೆಗಳ ಪಟ್ಟಿ ಮಾಡಿ, ಯಾವುದಕ್ಕೆ ಏನು ಮಾಡಬೇಕೆಂದು ಬರೆಯಿರಿ ಎಂದರು. ಹಿಂದಿನ ಕೊಠಡಿಯಲ್ಲಿದ್ದ 24 ವರ್ಷದ ಜ್ಯಾಕ್ ಗಾರ್ಮನ್ ಅದನ್ನು ಕೈಬರಹದಲ್ಲಿ ಬರೆದು ತಮ್ಮ ಮೇಜಿನ ಪಾರದರ್ಶಕ ಹಾಳೆಯ ಕೆಳಗೆ ಇಟ್ಟುಕೊಂಡರು.

ಜುಲೈ 20ರಂದು ಚಂದ್ರನ ಮೇಲ್ಮೈ ಹತ್ತಿರವಾಗುತ್ತಿದ್ದಂತೆ ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಅವರ ಪರದೆಯ ಮೇಲೆ, 1201ರಂತೆಯೇ ಕಂಪ್ಯೂಟರಿನ ಕೆಲಸ ಮಿತಿಮೀರಿದೆಯೆಂದು ಹೇಳುವ 1202 ಎಚ್ಚರಿಕೆ ಬಂತು. ಗಾರ್ಮನ್ ಪಟ್ಟಿ ನೋಡಿ, ಮತ್ತೆ ಮತ್ತೆ ಒಂದೇ ಸಮನೆ ಬರದಿದ್ದರೆ ತೊಂದರೆಯಿಲ್ಲ ಎಂದು ಬೇಲ್ಸ್‌ಗೆ ಹೇಳಿದರು. ಬೇಲ್ಸ್ ಕ್ರಾಂಟ್ಸ್‌ಗೆ ಹೇಳಿದರು. ಗಗನಯಾತ್ರಿಗಳೊಡನೆ ಮಾತನಾಡುವ ಹೊಣೆಯಿದ್ದ ಚಾರ್ಲಿ ಡ್ಯೂಕ್ ನೌಕೆಗೆ ಹೇಳಿದರು. ಕೆಲವೇ ನಿಮಿಷಗಳಲ್ಲಿ ಐದು ಸಲ ಎಚ್ಚರಿಕೆ ಬಂದರೂ ಇಳಿಯುವುದು ನಿಲ್ಲಲಿಲ್ಲ. ಕೆಲಸ ಹೆಚ್ಚಾದಾಗ ಮುಖ್ಯವಲ್ಲದ್ದನ್ನು ಬಿಟ್ಟು ಮುಖ್ಯವಾದದ್ದನ್ನು ಮತ್ತೆ ಎತ್ತಿಕೊಳ್ಳುವಂತೆ ಅಮೆರಿಕದ ತಾಂತ್ರಿಕ ವಿಶ್ವವಿದ್ಯಾಲಯವಾದ ಎಂಐಟಿಯವರು ಆ ಕಂಪ್ಯೂಟರನ್ನು ರೂಪಿಸಿದ್ದರಿಂದ ಇದು ಸಾಧ್ಯವಾಯಿತು.

ನೀವು ಸಾಫ್ಟ್‌ವೇರಿನವರಾದ್ದರಿಂದ ಮೂಲಕಾರಣವನ್ನೂ ಹೇಳುತ್ತೇನೆ. ಮರಳಿ ಹೋಗುವಾಗ ಮುಖ್ಯ ನೌಕೆಯನ್ನು ಹುಡುಕಿ ಸೇರಲು ಬೇಕಾದ ಸಂಧಾನ ರೇಡಾರಿಗೂ ಕಂಪ್ಯೂಟರ್ ವ್ಯವಸ್ಥೆಗೂ 800 ಹರ್ಟ್ಸ್‌ನ ಬೇರೆ ಬೇರೆ ವಿದ್ಯುತ್ ಮೂಲಗಳಿದ್ದವು. ಎರಡರ ಆವರ್ತನ ಒಂದೇ ಇರಬೇಕೆಂದು ಎರಡು ತಂಡಗಳ ನಡುವಿನ ಒಪ್ಪಂದಪತ್ರದಲ್ಲಿ ಬರೆದಿದ್ದರು. ಅಲೆಗಳ ಏರಿಳಿತವೂ ಒಂದೇ ಗಳಿಗೆಯಲ್ಲಿ ಆಗಬೇಕೆಂದು ಬರೆದಿರಲಿಲ್ಲ. ಆ ಹೊಂದಾಣಿಕೆ ತಪ್ಪಿದಾಗ, ಆಗ ಬೇಡವೇ ಬೇಡವಾಗಿದ್ದ ರೇಡಾರಿನ ಲೆಕ್ಕ ಇಡುವುದಕ್ಕೇ ಕಂಪ್ಯೂಟರಿನ ಸಮಯದ ಶೇಕಡಾ ಹದಿಮೂರಕ್ಕೂ ಹೆಚ್ಚು ಪಾಲು ಹೋಗುತ್ತಿತ್ತು. ಕೇಬಲ್ಲಿನ ಉದ್ದದಿಂದ ಹಿಡಿದು ಇದರವರೆಗೆ ನೋಡಿದರೆ ಒಂದು ಸಂಗತಿ ಕಾಣುತ್ತದೆ. ಪ್ರತಿ ತಂಡವೂ ತನ್ನ ಭಾಗವನ್ನು ಸರಿಯಾಗಿಯೇ ಮಾಡಿರುತ್ತದೆ. ತಪ್ಪು ಅಡಗಿರುವುದು ಎರಡು ಭಾಗಗಳು ಕೂಡುವಲ್ಲಿ. ಎರಡು ಊರಿಗೆ ಸೇರಿದ ಕೆರೆಯ ಹೂಳನ್ನು ಯಾರೂ ಎತ್ತುವುದಿಲ್ಲವಲ್ಲ, ಹಾಗೆ.

ಪ್ರಶ್ನೆ: ತಪ್ಪು ಮಾಡಿದವರಿಗೆ ಶಿಕ್ಷೆಯಾಗುತ್ತಿರಲಿಲ್ಲವೇ?
— ಹಾಸನದ ಓದುಗರೊಬ್ಬರು

ಉತ್ತರ: ತಾನಾಗಿ ಬಂದು ಹೇಳಿದವನಿಗೆ ಬಹುಮಟ್ಟಿಗೆ ಇಲ್ಲ. ರೆಡ್‌ಸ್ಟೋನ್ ಪರೀಕ್ಷೆಯೊಂದು ವಿಫಲವಾದಾಗ, ಹೊರಡುವ ಮುನ್ನ ತನ್ನ ಕೈಯಿಂದಲೇ ತಂತಿಗಳು ತಾಗಿ ಶಾರ್ಟ್ ಆಗಿರಬಹುದೆಂದು ಒಪ್ಪಿಕೊಂಡ ಎಂಜಿನಿಯರಿಗೆ ಫಾನ್ ಬ್ರೌನ್ ಶಾಂಪೇನ್ ಬಾಟಲಿ ಕಳುಹಿಸಿದರೆಂಬ ಪ್ರಸಂಗ ಆ ವಲಯದಲ್ಲಿ ಪ್ರಸಿದ್ಧ. ಆ ಒಂದು ಮಾತಿನಿಂದ ರಾಕೆಟ್ಟಿನ ವಿನ್ಯಾಸವನ್ನೇ ಬದಲಿಸುವ ದೊಡ್ಡ ಖರ್ಚು ಉಳಿದಿತ್ತು. ಬೇಲ್ಸ್ ಅವರಿಗೂ ಜುಲೈ 5ರ ತಪ್ಪಿಗೆ ಸಿಕ್ಕಿದ್ದು ಹೆಚ್ಚಿನ ಕೆಲಸವಷ್ಟೇ.

ಪ್ರಶ್ನೆ: ಆ ತಂಡಗಳಲ್ಲಿ ಮಹಿಳೆಯರು ಇದ್ದರೇ? ಅವರ ಮಾತಿಗೆ ಬೆಲೆಯಿತ್ತೇ?
— ಶಿವಮೊಗ್ಗದ ಓದುಗರೊಬ್ಬರು

ಉತ್ತರ: ಕೆಲವೇ ಮಂದಿ ಇದ್ದರು. ಬೆಲೆಯ ಬಗ್ಗೆ ಒಂದು ಘಟನೆ ಹೇಳಿದರೆ ಸಾಕು. ಎಂಐಟಿಯಲ್ಲಿ ಅಪೊಲೊ ತಂತ್ರಾಂಶದ ಕೆಲಸದಲ್ಲಿದ್ದ ಮಾರ್ಗರೆಟ್ ಹ್ಯಾಮಿಲ್ಟನ್ ಅವರ ಪುಟ್ಟ ಮಗಳು ಒಮ್ಮೆ ಸಿಮ್ಯುಲೇಟರಿನ ಗುಂಡಿಗಳನ್ನು ಒತ್ತುತ್ತ, ನೌಕೆ ಹಾರುತ್ತಿರುವಾಗಲೇ ಉಡಾವಣೆಗೆ ಮುಂಚಿನ ಕ್ರಮವಿಧಿಯಾದ ಪಿ01 ಅನ್ನು ಆಯ್ಕೆ ಮಾಡಿ ವ್ಯವಸ್ಥೆಯನ್ನೇ ಕೆಡಿಸಿತು. ಗಗನಯಾತ್ರಿಯೂ ಹೀಗೆ ಮಾಡಬಹುದು, ತಡೆ ಹಾಕೋಣ ಎಂದು ಹ್ಯಾಮಿಲ್ಟನ್ ಕೇಳಿದರು. ಅಷ್ಟು ತರಬೇತಾದ ಗಗನಯಾತ್ರಿಗಳು ಅಂಥ ತಪ್ಪು ಮಾಡುವುದಿಲ್ಲವೆಂಬ ಉತ್ತರ ಬಂತು. 1968ರ ಡಿಸೆಂಬರಿನಲ್ಲಿ ಚಂದ್ರನಿಂದ ಹಿಂದಿರುಗುತ್ತಿದ್ದ ಅಪೊಲೊ 8ರಲ್ಲಿ ಜಿಮ್ ಲೋವೆಲ್ ಸರಿಯಾಗಿ ಅದನ್ನೇ ಮಾಡಿದರು. ನೌಕೆ ತಾನೆಲ್ಲಿದ್ದೇನೆಂಬ ಲೆಕ್ಕ ಮರೆಯಿತು. ನಕ್ಷತ್ರಗಳನ್ನು ನೋಡಿ ದಿಕ್ಕನ್ನು ಮತ್ತೆ ಹೊಂದಿಸಿಕೊಳ್ಳಬೇಕಾಯಿತು. ತಡೆ ಹಾಕಲು ಅನುಮತಿ ಆಮೇಲೆ ಸಿಕ್ಕಿತು.

ಪ್ರಶ್ನೆ: ಅಪೊಲೊ 13 ಅನ್ನು ಉಳಿಸಿದ ಕಥೆ ಎಲ್ಲರಿಗೂ ಗೊತ್ತು. ಆದರೆ ಟ್ಯಾಂಕ್ ಸಿಡಿದದ್ದು ಏಕೆ?
— ದಾವಣಗೆರೆಯ ಡಿಪ್ಲೊಮಾ ಕಾಲೇಜಿನ ಅಧ್ಯಾಪಕರು

ಉತ್ತರ: ಒಳ್ಳೆಯ ಪ್ರಶ್ನೆ, ಉಳಿಸಿದ ಕಥೆಯ ಬೆಳಕಿನಲ್ಲಿ ಇದು ಮಸುಕಾಗಿಬಿಡುತ್ತದೆ. 1970ರಲ್ಲಿ ಚಂದ್ರನತ್ತ ಹೊರಟಿದ್ದ ಅಪೊಲೊ 13ರ ಆಮ್ಲಜನಕದ ಟ್ಯಾಂಕ್ ದಾರಿಯಲ್ಲಿ ಸಿಡಿದು, ಚಂದ್ರನ ಮೇಲೆ ಇಳಿಯದೆ ಗಗನಯಾತ್ರಿಗಳನ್ನು ಮರಳಿ ತರಬೇಕಾಯಿತು. ಆಮ್ಲಜನಕದ ಟ್ಯಾಂಕಿನೊಳಗಿನ ಹೀಟರಿಗೆ ಅತಿಯಾಗಿ ಕಾಯದಂತೆ ತಡೆಯುವ ಥರ್ಮೋಸ್ಟಾಟ್ ಇತ್ತು. ಮೊದಲ ವಿನ್ಯಾಸದಲ್ಲಿ ಎಲ್ಲವೂ ನೌಕೆಯ 28 ವೋಲ್ಟಿಗೆ ಹೊಂದುವಂಥವು. ಕೇಪ್‌ನಲ್ಲಿ ನೆಲದ ಉಪಕರಣಗಳು 65 ವೋಲ್ಟ್ ಕೊಡುತ್ತವೆಂದು 1965ರಲ್ಲಿ ನೌಕೆ ಕಟ್ಟುವ ಕಂಪನಿಯು ಟ್ಯಾಂಕ್ ಮಾಡುವ ಕಂಪನಿಗೆ ಹೊಸ ಸೂಚನೆ ಕಳುಹಿಸಿತು. ಥರ್ಮೋಸ್ಟಾಟಿನ ಸ್ವಿಚ್ಚುಗಳು ಮಾತ್ರ ಬದಲಾಗಲಿಲ್ಲ, ಬದಲಾಗದ್ದನ್ನು ಪರಿಶೀಲಿಸಿದವರಲ್ಲಿ ಯಾರೂ ಗಮನಿಸಲಿಲ್ಲ. 1968ರಲ್ಲಿ ಕಾರ್ಖಾನೆಯಲ್ಲಿ ಆ ಟ್ಯಾಂಕು ಸುಮಾರು ಎರಡು ಅಂಗುಲದಷ್ಟು ಕೆಳಕ್ಕೆ ಬಿದ್ದು ಪೆಟ್ಟು ತಿಂದಿತ್ತು. 1970ರ ಮಾರ್ಚಿನಲ್ಲಿ ಪರೀಕ್ಷೆಯ ನಂತರ ಅದರೊಳಗಿನ ದ್ರವ ಎಂದಿನಂತೆ ಖಾಲಿಯಾಗದಿದ್ದಾಗ, ಹೀಟರ್ ಹಚ್ಚಿ ಕುದಿಸಿ ತೆಗೆಯೋಣವೆಂದು ತೀರ್ಮಾನವಾಯಿತು. ಆ ತೀರ್ಮಾನಕ್ಕೆ ಯಾತ್ರೆಯ ನಾಯಕ ಲೋವೆಲ್ ಅವರ ಒಪ್ಪಿಗೆಯೂ ಇತ್ತು.

ಹೀಟರ್ ಸುಮಾರು ಎಂಟು ಗಂಟೆ ಉರಿಯಿತು. ಬಿಸಿ ಏರಿದಾಗ ತೆರೆದುಕೊಳ್ಳಬೇಕಾದ ಸ್ವಿಚ್ಚು 65 ವೋಲ್ಟಿಗೆ ಬೆಸೆದುಕೊಂಡು ಮುಚ್ಚಿಯೇ ಉಳಿಯಿತು. ಒಳಗಿನ ಉಷ್ಣತೆ ನೂರಾರು ಡಿಗ್ರಿ ಏರಿ ತಂತಿಗಳ ಹೊದಿಕೆ ಸುಟ್ಟುಹೋದರೂ ಹೊರಗಿನ ಮಾಪಕ ಸುಮಾರು 30 ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚನ್ನು ತೋರಿಸುವಂತೆಯೇ ಇರಲಿಲ್ಲ. ಅಷ್ಟು ಬಿಸಿಯಾಗುವ ಸಂಭವವೇ ಇಲ್ಲವೆಂದು ಅದನ್ನು ಮಾಡಿದವರು ಭಾವಿಸಿದ್ದರು. ಏಪ್ರಿಲ್ 13ರಂದು ಟ್ಯಾಂಕಿನೊಳಗಿನ ಫ್ಯಾನ್ ಚಾಲೂ ಮಾಡಿದಾಗ ಬರಿಯ ತಂತಿಯಿಂದ ಕಿಡಿ ಹಾರಿತು. ಎಡ್ಗರ್ ಕಾರ್ಟ್‌ರೈಟ್ ಅವರ ಮಂಡಳಿ ಇದನ್ನೆಲ್ಲ ಹೆಜ್ಜೆ ಹೆಜ್ಜೆಯಾಗಿ ಹೊರತೆಗೆಯಿತು. ನಿಮ್ಮ ವಿದ್ಯಾರ್ಥಿಗಳಿಗೆ ರಿಲೇ ಮತ್ತು ಸ್ವಿಚ್ಚುಗಳ ಪಾಠ ಮಾಡುವಾಗ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಪಾರಾದ ಬಗ್ಗೆ ಒಂದೇ ಮಾತು. ವಿದ್ಯುತ್ ಉಳಿಸಲೆಂದು ಆರಿಸಿಟ್ಟಿದ್ದ ನೌಕೆಯನ್ನು ಅತ್ಯಲ್ಪ ವಿದ್ಯುತ್ತಿನಲ್ಲಿ ಮತ್ತೆ ಎಬ್ಬಿಸುವ ಲೆಕ್ಕ ಮಾಡಿದ ಜಾನ್ ಆ್ಯರನ್, ಐದು ತಿಂಗಳ ಹಿಂದೆ ಅಪೊಲೊ 12ಕ್ಕೆ ಸಿಡಿಲು ಬಡಿದಾಗಲೂ ಮೇಜಿನ ಮುಂದಿದ್ದವರು. ಅಂದು ಪರದೆಯ ಮೇಲಿನ ಅಂಕಿಗಳೆಲ್ಲ ಅರ್ಥವಿಲ್ಲದಂತಾದಾಗ, ಹಿಂದೆ ಯಾವುದೋ ಪರೀಕ್ಷೆಯಲ್ಲಿ ಇಂಥದೇ ವಿಚಿತ್ರ ಅಂಕಿಗಳನ್ನು ಕಂಡು, ತಮಗೆ ಸಂಬಂಧವಿಲ್ಲದಿದ್ದರೂ ಕಾರಣ ಕೆದಕಿ ತಿಳಿದುಕೊಂಡಿದ್ದುದು ನೆನಪಾಗಿ, ಎಸ್‌ಸಿಇ (ಸಂವೇದಕಗಳ ಸಂಕೇತಗಳನ್ನು ಹದಗೊಳಿಸುವ ಸಾಧನ) ಎಂಬ ಸ್ವಿಚ್ಚನ್ನು ಬದಲಿ ಸ್ಥಾನಕ್ಕೆ ಹಾಕಿಸಿರೆಂದರು. ಆ ಸ್ವಿಚ್ಚಿನ ಹೆಸರು ಫ್ಲೈಟ್ ಡೈರೆಕ್ಟರಿಗೂ ಗೊತ್ತಿರಲಿಲ್ಲ, ನೌಕೆಯ ನಾಯಕನಿಗೂ ಗೊತ್ತಿರಲಿಲ್ಲ. ಒಳಗಿದ್ದ ಆ್ಯಲನ್ ಬೀನ್ ಅವರಿಗೆ ಗೊತ್ತಿತ್ತು.

ಪ್ರಶ್ನೆ: ದಶಕಗಳ ನಂತರ ಹೇಳಿದ ಇಂಥ ನೆನಪುಗಳನ್ನು ಎಷ್ಟು ನಂಬಬಹುದು?
— ಧಾರವಾಡದ ಇತಿಹಾಸ ಅಧ್ಯಾಪಕರು

ಉತ್ತರ: ಎಚ್ಚರದಿಂದ ನಂಬಬಹುದು. ನಾಸಾದ ಜಾನ್ಸನ್ ಕೇಂದ್ರವು ಎಂಜಿನಿಯರುಗಳ ಮೌಖಿಕ ಇತಿಹಾಸವನ್ನು ದೊಡ್ಡ ಪ್ರಮಾಣದಲ್ಲಿ ದಾಖಲಿಸಿದೆ. ಹಾರಾಟದ ಸಮಯದ ಮಾತುಕತೆಗಳ ಧ್ವನಿಮುದ್ರಿಕೆಗಳೂ ಉಳಿದಿರುವುದರಿಂದ ಎರಡನ್ನೂ ಹೋಲಿಸಿ ನೋಡುವ ಅನುಕೂಲವಿದೆ. ಧ್ವನಿಮುದ್ರಿಕೆ ಬಗೆಹರಿಸಲಾರದ ಜಗಳಗಳೂ ಇವೆ. 1962ರ ಮೇ ತಿಂಗಳಲ್ಲಿ ಮರ್ಕ್ಯುರಿ ಗಗನಯಾತ್ರಿ ಸ್ಕಾಟ್ ಕಾರ್ಪೆಂಟರ್ ಗೊತ್ತಾದ ಸ್ಥಳದಿಂದ ಸುಮಾರು 400 ಕಿಲೋಮೀಟರ್ ಆಚೆ ಇಳಿದರು. ಕಾರ್ಪೆಂಟರ್ ಗಮನವಿಲ್ಲದೆ ಇಂಧನ ಪೋಲು ಮಾಡಿದರೆಂದು ಕ್ರಾಫ್ಟ್ ಕೊನೆಯವರೆಗೂ ಕಟುವಾಗಿ ಹೇಳುತ್ತಿದ್ದರು. ದಿಗಂತವನ್ನು ಅಳೆಯುವ ಉಪಕರಣವೇ ಕೆಟ್ಟಿತ್ತು, ತಾನು ಕೈಯಿಂದ ನಡೆಸಿ ಇಳಿದೆನೆಂದು ಕಾರ್ಪೆಂಟರ್ ವಾದಿಸುತ್ತಿದ್ದರು. ಉಪಕರಣ ಕೆಟ್ಟದ್ದೂ ನಿಜ, ಇಂಧನ ಬೇಗ ಮುಗಿದದ್ದೂ ನಿಜ. ಇಬ್ಬರೂ ಒಂದೇ ಹಾರಾಟವನ್ನು ಎರಡು ತುದಿಗಳಿಂದ ನೋಡಿದ್ದರು.

ಸೋವಿಯತ್ ಕಡೆಯ ನೆನಪುಗಳು ಬಹಳ ತಡವಾಗಿ ಹೊರಬಂದವು. ಗಗಾರಿನ್ ಅವರು ಮರಳುವಾಗ ಉಪಕರಣಗಳ ಭಾಗ ಒಂದು ಕಟ್ಟು ತಂತಿಗಳಿಂದಾಗಿ ಪೂರ್ತಿ ಬೇರ್ಪಡದೆ ನೌಕೆ ಸುಮಾರು ಹತ್ತು ನಿಮಿಷ ಗಿರಗಿರನೆ ತಿರುಗಿದ್ದು ಹೊರಗಿನವರಿಗೆ ದಶಕಗಳ ಕಾಲ ತಿಳಿದಿರಲಿಲ್ಲ. ಸೋವಿಯತ್ ರಾಕೆಟ್ಟುಗಳ ಮುಖ್ಯ ವಿನ್ಯಾಸಕಾರ ಕೊರೊಲ್ಯೊವ್ ಅವರ ಜೊತೆಗಾರ ಬೊರಿಸ್ ಚೆರ್ಟೊಕ್ ಮುಂತಾದವರು ಬರೆಯತೊಡಗಿದ ಮೇಲೆಯೇ ಅಲ್ಲಿನ ಎಂಜಿನಿಯರುಗಳ ಹೆಸರುಗಳು ಲೋಕಕ್ಕೆ ಪರಿಚಯವಾದವು.

ಪ್ರಶ್ನೆ: ನಮ್ಮ ಗಗನಯಾನ ಯೋಜನೆಯಲ್ಲಿ ಇಂಥ ಘಟನೆಗಳು ನಡೆದಿವೆಯೇ?
— ಬೆಂಗಳೂರಿನ ಓದುಗರೊಬ್ಬರು

ಉತ್ತರ: ನಿಮ್ಮ ಊರಿನಲ್ಲಿಯೇ ಇರುವ ಇಸ್ರೊದ ಮಾನವಸಹಿತ ಬಾಹ್ಯಾಕಾಶ ಹಾರಾಟ ಕೇಂದ್ರ ಈ ಯೋಜನೆಯನ್ನು ನಡೆಸುತ್ತಿದೆ. 2023ರ ಅಕ್ಟೋಬರ್ 21ರಂದು ಶ್ರೀಹರಿಕೋಟಾದಲ್ಲಿ ಪಾರುವ್ಯವಸ್ಥೆಯ ಮೊದಲ ಹಾರಾಟ ಪರೀಕ್ಷೆ, ಟಿವಿ-ಡಿ1, ನಡೆಯಿತು. ಹೊರಡಲು ಐದು ಸೆಕೆಂಡುಗಳಿರುವಾಗ ಕಂಪ್ಯೂಟರ್ ಅದನ್ನು ತಾನಾಗಿ ತಡೆಹಿಡಿಯಿತು. ನೇರಪ್ರಸಾರ ನೋಡುತ್ತಿದ್ದವರ ಎದುರೇ ಇಸ್ರೊದ ಆಗಿನ ಅಧ್ಯಕ್ಷ ಎಸ್. ಸೋಮನಾಥ್ ಅದನ್ನು ತಿಳಿಸಿದರು. ಎಂಜಿನಿಯರುಗಳು ದೋಷವನ್ನು ಗುರುತಿಸಿ ಸರಿಪಡಿಸಿ, ಅಂದೇ ಬೆಳಿಗ್ಗೆ ಹತ್ತು ಗಂಟೆಗೆ ರಾಕೆಟ್ಟನ್ನು ಹಾರಿಸಿದರು. ಪಾರುವ್ಯವಸ್ಥೆ ನೌಕೆಯನ್ನು ಎಳೆದುಕೊಂಡೇ ಹೋಯಿತು, ಪ್ಯಾರಾಚೂಟುಗಳು ಸಕಾಲದಲ್ಲಿ ಬಿಚ್ಚಿದವು. ಸಮುದ್ರದಲ್ಲಿ ಮಾತ್ರ ನೌಕೆ ತಲೆಕೆಳಗಾಗಿ ತೇಲುತ್ತಿತ್ತು. ಅದನ್ನು ನೆಟ್ಟಗೆ ನಿಲ್ಲಿಸುವ ವ್ಯವಸ್ಥೆಯನ್ನು ಮುಂದಿನ ಪರೀಕ್ಷೆಯಲ್ಲಿ ಅಳವಡಿಸುವುದಾಗಿ ಇಸ್ರೊ ಆಗಲೇ ಹೇಳಿತು.